ಎಂಜಲು ಹುಲ್ಲು

“ಇದನ್ನ ಹುಲ್ಲು ಅಂತಾರೇನೇ? ನಿಮ್ಮಪ್ಪನ ಬೋಳುತಲೇಲಿ ಇದಕ್ಕಿಂತ ಜಾಸ್ತಿ ಇರ್ತಿತ್ತು.”

ಧಣಿ ಹೀಗೆಂದಾಗ ಸಣ್ಣಿ ಬಗ್ಗಿಕೊಂಡೇ ಇದ್ದಳು. ಅವಳ ಅಪ್ಪ ಬೋಳಾಗುವ ವಯಸ್ಸಿನವರೆಗೆ ಬದುಕಿರಲೇ ಇಲ್ಲ. ಇದೇ ಧಣಿಯ ಕೊಟ್ಟಿಗೆಯಲ್ಲಿ ಹೋರಿಯೊಂದು ಅವನನ್ನು ಗೋಡೆಗೆ ಒತ್ತಿ ಕೊಂದಾಗ ತಲೆ ತುಂಬ ಕಪ್ಪು ಕೂದಲಿತ್ತು. ಆದರೆ ಧಣಿಯ ತಪ್ಪು ತಿದ್ದುವುದು ಅವಳ ಕೆಲಸವಲ್ಲ. ಅವಳ ಕೆಲಸ ಕೋಲು ಊರುವುದು, ತಟ್ಟೆ ಬಿಡುವುದು, ಕೋಲಿನ ಮೇಲಿನ ಗೆರೆ ಓದಿ ಹೇಳುವುದು.

ತಟ್ಟೆ ಎಂದರೆ ಊಟದ ತಟ್ಟೆಯಷ್ಟು ಅಗಲದ ಒಂದು ತಗಡು. ನಡುವೆ ತೂತು, ತೂತಿನಲ್ಲಿ ಕೋಲು. ಕೋಲನ್ನು ನೆಲಕ್ಕೆ ಊರಿದರೆ ತಟ್ಟೆ ಜಾರಿ ಬಂದು ಹುಲ್ಲಿನ ಮೇಲೆ ಕೂರುತ್ತದೆ. ಹುಲ್ಲು ಎತ್ತರವಾಗಿ ದಟ್ಟವಾಗಿದ್ದರೆ ಮೇಲೆಯೇ ನಿಲ್ಲುತ್ತದೆ, ಇಲ್ಲದಿದ್ದರೆ ನೆಲ ಕಚ್ಚುತ್ತದೆ. ಹೊಲದ ತುಂಬ ಅಡ್ಡಾದಿಡ್ಡಿ ನಡೆದು ಅಲ್ಲಲ್ಲಿ ಹೀಗೆ ತಟ್ಟೆ ಬಿಡಬೇಕು. ಹಸು ಎಲ್ಲಿ ಮೇಯಬೇಕು, ಎಲ್ಲಿ ಮೇಯಬಾರದು ಎಂಬುದನ್ನು ಈಗೀಗ ಹಸುವನ್ನು ಬಿಟ್ಟು ಈ ತಗಡನ್ನು ಕೇಳುತ್ತಿದ್ದರು.

ತಗಡನ್ನು ತಂದವನು ಹುಲ್ಲು ಮೇಷ್ಟ್ರು. ಅವನು ನಿಜಕ್ಕೂ ಮೇಷ್ಟ್ರಲ್ಲ. ಧಣಿ ಸಂಬಳ ಕೊಟ್ಟು ಕರೆಸಿಕೊಂಡಿದ್ದ, ಹುಲ್ಲು ಓದಿಕೊಂಡು ಬಂದವನು. ಗರಿಕೆಗೂ ಪಾಠ ಹೇಳುವವನ ಹಾಗೆ ಮಾತಾಡುತ್ತಿದ್ದುದರಿಂದ ಕೂಲಿ ಹೆಂಗಸರು ಆ ಹೆಸರಿಟ್ಟಿದ್ದರು.

“ಎಷ್ಟಿದೆಯಮ್ಮಾ?” ಎಂದ ಮೇಷ್ಟ್ರು.

“ಮೂರು ಬೆರಳು ಸಾರ್.”

“ನೋಡಿದ್ರಾ?” ಮೇಷ್ಟ್ರು ಧಣಿಯ ಕಡೆ ತಿರುಗಿದ. “ಹುಲ್ಲು ಗೇಣುದ್ದ ಆದಾಗ ಹಿಂಡು ಒಳಗೆ ಬಿಡ್ಬೇಕು. ನಾಲ್ಕು ಬೆರಳಿಗೆ ಇಳಿದಾಗ ಹೊರಗೆ ತರ್ಬೇಕು. ಎಲೆ ಉಳಿದಿದ್ರೆ ತಾನೆ ಬಿಸಿಲು ಕುಡಿದು ಮತ್ತೆ ಚಿಗುರೋದು? ನಿಮ್ಮ ಹಸುಗಳು ಸರಿಯಾಗೇ ಮೇಯ್ತಿದಾವೆ. ಆಮೇಲೆ ಲೈನಿನವು ಬಂದು ಬುಡ ಕೆರೀತವೆ. ಅದೇ ರೋಗ.”

ಲೈನಿನವು ಎಂದರೆ ಕೂಲಿಯವರ ಲೈನು ಮನೆಗಳ ಹಸುಗಳು. ಧಣಿಯ ಹಿಂಡು ಒಂದು ಹೊಲ ಮೇಯ್ದು ಹೊರಗೆ ಬಂದ ಮೇಲೆ ಅವು ಒಳಗೆ ಹೋಗಿ ಉಳಿದದ್ದನ್ನು ಮೇಯುವುದು ಸಣ್ಣಿಯ ಅತ್ತೆಯ ಅತ್ತೆಯ ಕಾಲದಿಂದ ನಡೆದುಬಂದ ವಾಡಿಕೆ. ಎಂಜಲು ಹುಲ್ಲು ಎಂದೇ ಅದರ ಹೆಸರು. ಕೂಲಿ ಯಾಕೆ ಇಷ್ಟು ಕಡಿಮೆ ಎಂದು ಯಾರಾದರೂ ಕೇಳಿದರೆ ಧಣಿಯ ಅಪ್ಪ “ಹುಲ್ಲು ಕೊಡ್ತಿಲ್ವೇನ್ರೋ?” ಎನ್ನುತ್ತಿದ್ದನಂತೆ. ಈಗ ಮೇಷ್ಟ್ರ ಮಾತಿಗೆ ಆ ಹುಲ್ಲು ಕೊಡುವುದು ನಿಂತಿತ್ತು. ಕೂಲಿ ಮಾತ್ರ ಇದ್ದಲ್ಲೇ ಇತ್ತು.

ಅತ್ತೆ ಗೇಟಿನಾಚೆ ನಿಂತಿದ್ದಳು. ಅವಳ ಹಿಂದೆ ಲೈನಿನ ಹಸುಗಳು. ಎಲ್ಲಕ್ಕಿಂತ ಮುಂದೆ ಅವಳದೇ ಮುರುಕೊಂಬು. ಚಿಕ್ಕ ಗಾತ್ರ, ಕಂದು ಮೈ, ಒಂದು ಕೊಂಬು ಅರ್ಧಕ್ಕೆ ಮುರಿದದ್ದು, ಬುದ್ಧಿ ಮಾತ್ರ ಎರಡು ಕೊಂಬಿನದು.

“ಧಣೀ,” ಅತ್ತೆ ಕೂಗಿದಳು, “ಗೇಣುದ್ದ ಇದ್ರೆ ನಿಮ್ಮ ಹಸುಗೆ. ನಾಲ್ಕು ಬೆರಳಾದ್ರೆ ಯಾರಿಗೂ ಇಲ್ಲ. ನಡುವೆ ಇದ್ರೆ ಬೆಳೀಲಿ ಬಿಡು ಅಂತೀರಿ. ನಮ್ಮ ಹಸೂದು ಯಾವ ಅಳತೆ ಅಂತ ಒಂದು ಹೇಳ್ಬಿಡಿ, ಅಷ್ಟೇ ಎತ್ತರಕ್ಕೆ ಬಾಯಿ ಹಾಕು ಅಂತ ಅದಕ್ಕೆ ಬುದ್ಧಿ ಹೇಳ್ತೀನಿ.”

“ಬಾಯಿ ಮುಚ್ಚೇ ಮುದುಕಿ.”

“ನಂದು ಮುಚ್ತೀನಿ. ಇದರ ಬಾಯಿ ನೀವೇ ಬಂದು ಮುಚ್ಚಿ.”

ಧಣಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. “ಮೇಯ್ಸೋಕೆ ಗತಿ ಇಲ್ದಿದ್ರೆ ಮಾರಿ. ಭಾನುವಾರ ನನ್ನ ಬರಡು ಹಸುಗಳನ್ನ ಒಯ್ಯೋಕೆ ಕಟುಕರ ಲಾರಿ ಬರತ್ತೆ. ನಿಮ್ಮವೂ ಹತ್ಲಿ. ಭಾನುವಾರ ಸಂಜೆ ಮೇಲೆ ಲೈನಲ್ಲಿ ಒಂದೇ ಒಂದು ಬಾಲ ಅಲ್ಲಾಡಿದ್ದು ಕಂಡ್ರೂ ಆ ಮನೆಯವರು ಚಾಪೆ ಸುತ್ಕೊಂಡು ಹೊರಡ್ಬೇಕು.”

ಮೇಷ್ಟ್ರು ಸಣ್ಣಿಯ ಕೈಯಿಂದ ಕೋಲು ತೆಗೆದುಕೊಂಡು ಕರ್ಚೀಫಿನಿಂದ ಹಿಡಿ ಒರೆಸಿದ.

ಲೈನು ಮನೆಗಳಿಗೆ ಒಂದೇ ಉದ್ದ ಸೂರು, ನಡುನಡುವೆ ಗೋಡೆ. ಒಬ್ಬರ ಮನೆಯಲ್ಲಿ ಸೀನಿದರೆ ಇನ್ನೊಬ್ಬರ ಮನೆಯಲ್ಲಿ ಮೂಗು ಒರೆಸಿಕೊಳ್ಳಬೇಕು, ಅಷ್ಟು ತೆಳು. ಹಿಂಬದಿಯಲ್ಲಿ ತಗಡಿನ ಇಳಿಜಾರು, ಅದರ ಕೆಳಗೆ ಹಸು. ಮೇವಿಲ್ಲದ ಮುರುಕೊಂಬು ಸಂಜೆಯೆಲ್ಲ ಗೋಡೆಯ ಸುಣ್ಣ ನೆಕ್ಕುತ್ತಿತ್ತು. ಗೋಡೆಯ ಈಚೆ ಕೂತವರಿಗೆ ಆ ನಾಲಿಗೆಯ ಸದ್ದು ಮರಕ್ಕೆ ಮರಳುಕಾಗದ ತಿಕ್ಕಿದಂತೆ ಕೇಳುತ್ತಿತ್ತು.

ಸಣ್ಣಿಯ ಗಂಡ ಧಣಿಯ ಹಾಲುಮನೆಯಲ್ಲಿ ಯಂತ್ರಕ್ಕೆ ಕೆಚ್ಚಲು ಜೋಡಿಸುವವನು. ಅಲ್ಲಿಂದ ಹೊರಡುವ ಬಾಟಲಿಗಳ ಮೇಲೆ ‘ಹುಲ್ಲಿನ ಹಾಲು’ ಎಂದು ಬರೆದಿರುತ್ತಿತ್ತು. ಹಿಂಡಿ ಗಿಂಡಿ ಇಲ್ಲ, ಬರೀ ಹಸಿರು ಮೇಯ್ದ ಹಸುವಿನ ಹಾಲು ಎಂದು ಪೇಟೆಯವರು ದುಪ್ಪಟ್ಟು ಬೆಲೆ ಕೊಟ್ಟು ಕುಡಿಯುತ್ತಿದ್ದರು. ಬಾಟಲಿಯ ಮೇಲೆ ಒಂದು ಹಸು ನಗುತ್ತಿತ್ತು. ಹಸು ನಕ್ಕಿದ್ದನ್ನು ಸಣ್ಣಿ ಹುಟ್ಟಿದಾಗಿನಿಂದ ನೋಡಿರಲಿಲ್ಲ. ದಿನವಿಡೀ ಆ ಹಾಲಿನಲ್ಲಿ ಕೈಯಾಡಿಸುವವನ ಮಗಳು ಕುಡಿಯುತ್ತಿದ್ದುದು ಮುರುಕೊಂಬುವಿನ ಹಾಲು.

“ಮಾರ್ಬಿಡೋಣ,” ಎಂದ ಗಂಡ, ಗಂಬೂಟು ಬಿಚ್ಚುತ್ತ. “ಮನೆ ಹೋದ್ರೆ ಎಲ್ಲಿಗೆ ಹೋಗೋದು?”

“ಮಾರು,” ಎಂದಳು ಅತ್ತೆ. “ಆಮೇಲೆ ಮಗು ಹಾಲು ಕೇಳಿದ್ರೆ ನಿನ್ನ ಮೊಲೆ ಕೊಡು. ನಿಮ್ಮಪ್ಪನೂ ಹಿಂಗೇ ಇದ್ದ. ಧಣಿ ಹೂಸಿದ್ರೆ ಮಲ್ಲಿಗೆ ಅಂತ ಮೂಗೆತ್ತೋನು.”

“ಅವ್ವಾ, ಗೋಡೆಗೆ ಕಿವಿ ಇದೆ.”

“ಕೇಳ್ಲಿ. ಲೇ ದೊಡ್ಡೋಳೇ, ಕೇಳಿಸ್ತೇನೇ?”

“ಕೇಳಿಸ್ತು ಅತ್ತೆ,” ಎಂದಳು ಪಕ್ಕದ ಮನೆಯಿಂದ ಸಣ್ಣಿಯ ಓರಗಿತ್ತಿ. “ಮಲ್ಲಿಗೆ ತನಕ ಕೇಳಿಸ್ತು.”

ಸಣ್ಣಿ ಮಾತಾಡುವುದೇ ಕಡಿಮೆ. ಒಳಗೊಳಗೇ ಬೈದುಕೊಂಡು, ಹೊರಗೆ ಮುಖ ತೊಳೆದಿಟ್ಟ ಪಾತ್ರೆಯ ಹಾಗೆ ಇಟ್ಟುಕೊಳ್ಳುವವಳು. ಎದ್ದು ಹಿಂದೆ ಹೋಗಿ ಹಸುವಿನ ಕತ್ತಿನ ಗಂಗೆದೊಗಲು ತುರಿಸಿದಳು. ಅದು ಸುಣ್ಣದ ನಾಲಿಗೆಯಿಂದ ಅವಳ ಮೊಣಕೈ ನೆಕ್ಕಿತು.

ಶುಕ್ರವಾರ ಬೆಳಿಗ್ಗೆ ಹೆಂಗಸರೆಲ್ಲ ಸೇರಿ ಧಣಿಯ ಮನೆ ಜಗಲಿಯ ಕೆಳಗೆ ನಿಂತರು. ಧಣಿ ಕುರ್ಚಿಯ ಮೇಲೆ ಕಾಲಿಟ್ಟುಕೊಂಡು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಚಟ್ ಎಂದು ಹಾರಿದ ಒಂದು ಚೂರು ಓರಗಿತ್ತಿಯ ಪಾದದ ಹತ್ತಿರ ಬಿತ್ತು. ಅವಳು ಕಾಲು ಹಿಂದೆಗೆದುಕೊಂಡಳು. ಇನ್ನೊಂದು ಅವಳ ಮೇಲೆಯೇ ಬಿತ್ತು.

“ಒಂದು ತಿಂಗಳು ಬಿಡಿ ಧಣಿ,” ಎಂದಳು ಅತ್ತೆ. ಬೇಡುವಾಗ ಅವಳ ದನಿ ಬೇರೆ ಯಾರದೋ ಎನ್ನಿಸುತ್ತಿತ್ತು. “ಹೊಲದ ಅಂಚಲ್ಲಾದ್ರೂ ಮೇಯ್ಕೊಳ್ಳಲಿ.”

ಧಣಿ ತಲೆ ಎತ್ತದೆ, ಪಕ್ಕದಲ್ಲಿ ಚಹಾ ಹೀರುತ್ತಿದ್ದ ಮೇಷ್ಟ್ರಿಗೆ ಹೇಳಿದ: “ಏನಾದ್ರೂ ಕೊಟ್ಟು ಕಳಿಸ್ರೀ ಇವರನ್ನ. ಬೆಳಿಗ್ಗೆ ಬೆಳಿಗ್ಗೆ ನಾತ.”

ಮೇಷ್ಟ್ರು ಕೆಟ್ಟವನೇನಲ್ಲ. ಕಪ್ಪು ಕೆಳಗಿಟ್ಟು ಯೋಚಿಸಿದ. “ಮೇಯ್ದು ಬಿಟ್ಟ ಹೊಲದಲ್ಲಿ ಸಗಣಿ ಬಿದ್ದಿರತ್ತಲ್ಲ, ಅದರ ಸುತ್ತ ಹುಲ್ಲು ಮೊಣಕಾಲುದ್ದ ನಿಂತಿದೆ. ಹಸು ಅದನ್ನ ಮುಟ್ಟಲ್ಲ. ನಮ್ಮ ತಟ್ಟೆ ಅದರ ಮೇಲೆ ಬಿದ್ರೆ ಅಳತೆ ಸುಳ್ಳಾಗತ್ತೆ, ಇಲ್ಲದ ಹುಲ್ಲು ಇದೆ ಅನ್ನತ್ತೆ. ಆ ಹುಲ್ಲನ್ನ ಕುಯ್ಕೊಂಡು ಹೋಗ್ಲಿ. ಇವರಿಗೆ ಮೇವೂ ಆಯ್ತು, ನಮಗೆ ಹೊಲಾನೂ ಸಮ ಆಯ್ತು.”

ಧಣಿಗೆ ನಗು ಬಂತು. ಉಗುರು ಕತ್ತರಿ ಹಿಡಿದ ಕೈಯನ್ನೇ ಹೊಲದ ಕಡೆ ಬೀಸಿದ. “ಕೇಳಿಸ್ತಾ? ಹೇಲಿನ ಸುತ್ತ ಇರೋದೆಲ್ಲ ನಿಮ್ದು. ಅಷ್ಟು ಆಸ್ತಿ ಯಾರು ಬರ್ಕೊಡ್ತಾರೆ? ಹೋಗಿ.”

ಅವರು ಹೋದರು. ಕುಡುಗೋಲು ಹಿಡಿದು ಬಿಸಿಲಿನಲ್ಲಿ ಸಗಣಿಯ ಸುತ್ತ ಸುತ್ತ ಕೂತು ಕೊಯ್ದರು. ಒಣಗಿದ ಹೊರಪದರದ ಅಡಿ ಇನ್ನೂ ಹಸಿಯಾಗಿದ್ದು, ಹುಲ್ಲಿನ ಬುಡದೊಂದಿಗೆ ಅದೂ ಕೈಗೆ ಬರುತ್ತಿತ್ತು. ಹೊರೆ ಹೊತ್ತು ಲೈನಿಗೆ ಬರುವಾಗ ಬೆವರಿನ ಜೊತೆ ಸಗಣಿಯ ನೀರೂ ಕತ್ತಿಗೆ ಇಳಿಯಿತು. ಸಣ್ಣಿ ತನ್ನ ಹೊರೆಯನ್ನು ಮುರುಕೊಂಬುವಿನ ಮುಂದೆ ಹಾಕಿದಳು.

ಹಸು ಮೂಸಿತು. ಮೂಗಿನ ಹೊಳ್ಳೆ ಅರಳಿಸಿ ಇನ್ನೊಮ್ಮೆ ಮೂಸಿತು. ಆಮೇಲೆ, ಮದುವೆಗೆ ಕರೆದು ಪಂಕ್ತಿಯಿಂದ ಎಬ್ಬಿಸಿದರೆ ದೊಡ್ಡ ಮನೆಯ ಹೆಂಗಸು ಹೇಗೆ ತಿರುಗುತ್ತಾಳೋ ಹಾಗೆ ತಿರುಗಿ, ಬಾಲ ತೋರಿಸಿ ನಿಂತಿತು.

“ನೋಡೇ ಮಾನ ಬಿಡದ ಮುಂಡೇದನ್ನ,” ಎಂದಳು ಅತ್ತೆ. ಬೈಗುಳದಲ್ಲಿ ಹೆಮ್ಮೆ ಇತ್ತು.

ಸಾಲಿನ ಉದ್ದಕ್ಕೂ ಅದೇ ಕತೆ. ಒಂದು ಹಸುವೂ ಬಾಯಿ ಹಾಕಲಿಲ್ಲ. ಕೋಲು ಕೊಡಲು ಲೈನಿನ ಕಡೆ ಬಂದ ಮೇಷ್ಟ್ರು ಇದನ್ನು ಕಂಡು, ರೋಗಿಯ ಮನೆಯವರಿಗೆ ಸಮಾಧಾನ ಹೇಳುವ ಡಾಕ್ಟರಂತೆ ಹೇಳಿದ: “ವಾಸನೆ ಕಣಮ್ಮಾ. ಸಗಣಿ ಬಿದ್ದ ಜಾಗದ ಹುಲ್ಲಿಗೆ ವಾರಗಟ್ಲೆ ಮೂತಿ ಇಡಲ್ಲ. ಹುಲ್ಲು ಎಷ್ಟೇ ಚೆನ್ನಾಗಿರ್ಲಿ, ಹೊಟ್ಟೆ ಖಾಲಿ ಇಟ್ಕೊಂಡು ನಿಂತಿರ್ತವೆ. ಎರಡು ದಿನ ಬಿಡಿ. ಹಸಿವು ಜಾಸ್ತಿಯಾದ್ರೆ ತಾನೇ ತಿನ್ನತ್ತೆ.”

“ಜಾಸ್ತಿಯಾದ್ರೆ ನೀವೂ ತಿಂತೀರಾ ಸಾರ್?” ಎಂದಳು ಓರಗಿತ್ತಿ.

ಮೇಷ್ಟ್ರು ಕೋಲನ್ನು ಗೋಡೆಗೆ ಒರಗಿಸಿ, ನಾಳೆ ತಾನು ಪೇಟೆಗೆ ಹೋಗುವವನೆಂದೂ ಭಾನುವಾರ ಬೆಳಿಗ್ಗೆ ಹಿಂಡು ಮೇಲಿನ ಹೊಲಕ್ಕೆ ಇಳಿಯುವುದೆಂದೂ ಹೇಳಿ ಹೊರಟ. ಮೇಲಿನ ಹೊಲ ಅವನ ಹೆಮ್ಮೆ. ಗೇಣು ದಾಟಿ, ಎಳೆಯದಾಗಿ, ದಟ್ಟವಾಗಿ, ಗಾಳಿ ಬಂದರೆ ಬೆಕ್ಕಿನ ಬೆನ್ನು ಸವರಿದಂತೆ ಮಲಗಿ ಏಳುವ ಹುಲ್ಲು. ಉಳಿದ ಹೊಲಗಳೆಲ್ಲ ಇನ್ನೂ ಗಿಡ್ಡ.

ಹೆಂಗಸರು ತಿನ್ನದ ಹುಲ್ಲಿನ ಮುಂದೆ ಕೂತರು. ಕೈ ತೊಳೆದುಕೊಂಡರೂ ನಾತ ಹೋಗಿರಲಿಲ್ಲ.

“ಅಲ್ಲ,” ಎಂದಳು ಸಣ್ಣಿ. ಅವಳು ಬಾಯಿ ತೆರೆದದ್ದೇ ಅಪರೂಪವಾದ್ದರಿಂದ ಎಲ್ಲರೂ ತಿರುಗಿದರು. “ಒಂದು ಗುಪ್ಪೆ ಸಗಣಿ ಹಾಕಿದ್ರೆ ಅದರ ಸುತ್ತ ತಿನ್ನಲ್ಲ. ಹೊಲಾ ಪೂರ್ತಿ ಹಾಕಿದ್ರೆ?”

ಅತ್ತೆ ಸೊಸೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳನ್ನು ಮೊದಲ ಸಲ ನೋಡುತ್ತಿರುವವಳಂತೆ ನೋಡಿದಳು.

“ನನ್ನ ಮಗ ನಿನಗೆ ಸಾಲದು ಕಣೇ,” ಎಂದಳು.

ಹಾಲುಮನೆಯ ಅಂಗಳದ ಸಗಣಿ ಬಳಿದು ಗಾಡಿಗೆ ತುಂಬಿ ಗುಂಡಿಗೆ ಸುರಿಯುವುದು ಹೆಂಗಸರ ದಿನನಿತ್ಯದ ಕೆಲಸ. ಶನಿವಾರ ಗಾಡಿ ಗುಂಡಿಯ ಕಡೆ ತಿರುಗದೆ ಮೇಲಿನ ಹೊಲದ ಕಡೆ ತಿರುಗಿತು, ಅಷ್ಟೇ ವ್ಯತ್ಯಾಸ. ಊಟವಾದ ಮೇಲೆ ಧಣಿ ಮಲಗುವ ಹೊತ್ತು. ನೆತ್ತಿಯ ಮೇಲೆ ಸೂರ್ಯ, ನೋಡುವವರಿಗೆ ಎಲ್ಲ ಕಾಣುವಂತೆ ಬಯಲು. ಆದರೆ ಸಗಣಿ ಹೊತ್ತ ಹೆಂಗಸರನ್ನು ಯಾರೂ ನೋಡುವುದಿಲ್ಲ. ಮೂಗು ಮುಚ್ಚಿಕೊಂಡವರು ಕಣ್ಣನ್ನೂ ಮುಚ್ಚಿಕೊಳ್ಳುತ್ತಾರೆ.

ಸಣ್ಣಿ ಮುಂದೆ ನಡೆದಳು. ತಟ್ಟೆ ಹಿಡಿದು ರೂಢಿಯಾದ ಅದೇ ಅಡ್ಡಾದಿಡ್ಡಿ ನಡಿಗೆ. ಅವಳು ಕಾಲು ನಿಲ್ಲಿಸಿದಲ್ಲೆಲ್ಲ ಹಿಂದಿನವಳು ಬುಟ್ಟಿಯಿಂದ ಒಂದು ಉಂಡೆ ತೆಗೆದು ಇಡುತ್ತಿದ್ದಳು. ಮಿಕ್ಕವರು ಗಂಜಲದಲ್ಲಿ ಕದಡಿದ ಸಗಣಿನೀರನ್ನು ಕೊಡಗಳಿಂದ ಚಿಮುಕಿಸುತ್ತಿದ್ದರು.

“ಇದು ಧಣಿಗೆ,” ಎಂದಳು ಓರಗಿತ್ತಿ ಉಂಡೆ ಇಡುತ್ತ. “ಇದು ಧಣಿಯ ಅಪ್ಪಂಗೆ. ಇದು ಬಾಟಲಿ ಮೇಲೆ ಹಲ್ಲು ಕಿರಿಯೋಳಿಗೆ.”

“ಮೇಷ್ಟ್ರಿಗೆ?”

“ಪಾಪ, ಅವನಿಗೆ ಸಣ್ಣದು.”

“ತೆಳ್ಳಗೆ ಹಾಕ್ರೇ,” ಅತ್ತೆ ಗದರಿಸಿದಳು. “ಊಟಕ್ಕೆ ಬಡಿಸ್ದಂಗೆ ಎಲ್ಲರಿಗೂ ಬರ್ಬೇಕು. ಭೇದ ಮಾಡ್ಬೇಡಿ.”

ನಗು ತಡೆಯಲಾರದೆ ಒಬ್ಬಳು ಹುಲ್ಲಿನಲ್ಲೇ ಕುಸಿದು ಕೂತಳು. ಕೂತ ಜಾಗ ಸರಿಯಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಸಣ್ಣಿಯೂ ನಕ್ಕಳು. ಹಿಂದಿರುಗಿ ನೋಡಿದರೆ ಹೊಲ ಹಾಗೇ ಇತ್ತು, ಹಸಿರಾಗಿ, ಎತ್ತರವಾಗಿ. ಬುಡದಲ್ಲಿ ಏನಿದೆ ಎಂದು ಮೇಲಿಂದ ಕಾಣುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಹಾಲು ಕರೆದು ಮುಗಿಸಿದ ಮೇಲೆ ಸಣ್ಣಿಯ ಗಂಡ ಹಿಂಡನ್ನು ಹೊಡೆದುಕೊಂಡು ಬಂದ. ದೊಡ್ಡ ದೊಡ್ಡ ಹಸುಗಳು, ಖಾಲಿ ಕೆಚ್ಚಲು, ಖಾಲಿ ಹೊಟ್ಟೆ. ಗೇಟು ತೆರೆದಾಗ ನುಗ್ಗಿದವು. ಹತ್ತು ಹೆಜ್ಜೆ ಹೋಗಿ ನಿಂತವು. ಒಂದು ತಲೆ ತಗ್ಗಿಸಿತು, ಬುಸ್ ಎಂದಿತು, ಎತ್ತಿತು. ಇನ್ನೊಂದು ಸ್ವಲ್ಪ ಮುಂದೆ ಹೋಗಿ ಮೂಸಿ ವಾಪಸು ಬಂತು. ಗೇಣು ಮೀರಿದ ಹಸಿರಿನ ನಡುವೆ ನಿಂತು, ಹಿಂಡು ಒಟ್ಟಾಗಿ ಅಂಬಾ ಎನ್ನತೊಡಗಿತು.

ಧಣಿ ಬಂದ. ಮೇಷ್ಟ್ರು ಸಣ್ಣಿಯ ಕೈಯಿಂದ ಕೋಲು ಕಿತ್ತುಕೊಂಡು ತಾನೇ ಒಳಗೆ ಹೋದ. ಅಲ್ಲಿ ಊರಿದ, ಇಲ್ಲಿ ಊರಿದ.

“ಅಳತೆ ಸರಿಯಾಗೇ ಇದೆ,” ಎಂದ ಬೆವರುತ್ತ. “ಗೇಣಿನ ಮೇಲೇ ಇದೆ.”

“ಅಳತೇನ ಕರೆದ್ರೆ ಹಾಲು ಬರತ್ತೇನ್ರೀ?” ಎಂದ ಧಣಿ. “ಯಾಕೆ ತಿಂತಿಲ್ಲ?”

ಮೇಷ್ಟ್ರು ಬಗ್ಗಿ ಹುಲ್ಲು ಸರಿಸಿದ. ಬೆರಳನ್ನು ಮೂಗಿನ ಹತ್ತಿರ ತಂದ. ಎದ್ದು ನಿಂತು ಹೆಂಗಸರ ಕಡೆ ನೋಡಿದ. ಅಷ್ಟರಲ್ಲಿ ಗಾಳಿ ತಿರುಗಿ ಧಣಿಯ ಮೂಗಿಗೂ ನಾತ ಬಡಿಯಿತು.

“ಯಾವ ಸೂಳೆ ಮಾಡಿದ್ದು ಇದು?”

“ಗೊಬ್ಬರ ಹಾಕಿದೀವಿ ಧಣಿ,” ಎಂದಳು ಅತ್ತೆ. ಅವಳು ಮುರುಕೊಂಬುವಿನ ಹಗ್ಗ ಹಿಡಿದು, ಲೈನಿನ ಹಸುಗಳ ಜೊತೆ ಪಕ್ಕದ ಹೊಲದ ಗೇಟಿನ ಬಳಿ ನಿಂತಿದ್ದಳು. “ಎರಡು ದಿನ ಬಿಡಿ. ಹಸಿವು ಜಾಸ್ತಿಯಾದ್ರೆ ತಿಂತವೆ ಅಂತ ಮೇಷ್ಟ್ರೇ ಹೇಳಿದಾರೆ.”

ಧಣಿ ಕೈ ಎತ್ತಿದವನು ಇಳಿಸಿದ. ಹಿಂಡು ಅರಚುತ್ತಿತ್ತು, ಸಂಜೆ ಹಾಲಿನ ಗಾಡಿ ಬರುವುದಿತ್ತು. ಅವನು ಪಕ್ಕದ ಹೊಲ ತೋರಿಸಿದ. ಗೇಣಾಗಲು ಇನ್ನೂ ಒಂದು ವಾರ ಬೇಕೆಂದು ಮೇಷ್ಟ್ರು ಮುಚ್ಚಿಸಿಟ್ಟಿದ್ದ ಹೊಲ. “ತೆಗೀರಿ ಆ ಗೇಟು. ಹಿಂಡು ಅಲ್ಲಿಗೆ ಹೊಡೀರಿ. ಈ ಮುಂಡೇರ್ನ ಆಮೇಲೆ ನೋಡ್ಕೋತೀನಿ.”

ಗೇಟಿಗೆ ಹತ್ತಿರವಿದ್ದವಳು ಸಣ್ಣಿ. ಚಿಲಕದ ಮೇಲೆ ಕೈಯಿಟ್ಟಳು.

“ಗೇಣಾಗಿಲ್ಲ ಧಣಿ,” ಎಂದಳು.

“ಏನಂದೆ?”

“ಇನ್ನೂ ಗೇಣಾಗಿಲ್ಲ. ನಿಮ್ಮವಕ್ಕೆ ಆಗ್ಬರಲ್ಲ.” ಅವಳು ಗೇಟನ್ನು ಒಂದು ಹಸು ತೂರುವಷ್ಟು ತೆರೆದಳು. “ನಮ್ಮವಕ್ಕೆ ನಡಿಯತ್ತೆ.”

ಅತ್ತೆ ಹಗ್ಗ ಬಿಚ್ಚಿದಳು. ಮುರುಕೊಂಬು ಒಳಗೆ ಹೋಯಿತು. ಅದರ ಹಿಂದೆ ಓರಗಿತ್ತಿಯದು, ಅದರ ಹಿಂದೆ ಮಿಕ್ಕವು, ಒಂದೊಂದಾಗಿ, ಅವಸರವಿಲ್ಲದೆ. ಹೆಂಗಸರು ಗೇಟಿಗೆ ಅಡ್ಡಲಾಗಿ ಹೊರೆ ಕಟ್ಟುವ ಹಗ್ಗ ಹಿಡಿದು ಸಾಲಾಗಿ ನಿಂತರು.

ಧಣಿ ಗೇಟಿನ ಕಡೆ ಎರಡು ಹೆಜ್ಜೆ ಬಂದ. ದನಿ ತೀರ ಇಳಿದಿತ್ತು. “ನಿಮ್ಮವು ಎಂಜಲು ಮಾಡಿದ್ದನ್ನ ನನ್ನ ಹಸುಗಳು ತಿನ್ಬೇಕಾ?”

“ಏನೂ ಆಗಲ್ಲ ಧಣಿ,” ಎಂದಳು ಅತ್ತೆ. “ನಾವೇ ಸಾಕ್ಷಿ.”

ಧಣಿ ಸಣ್ಣಿಯ ಗಂಡನ ಕಡೆ ತಿರುಗಿದ. “ಏನೋ ನೋಡ್ತೀಯ ಷಂಡನ ಹಾಗೆ? ಹೊಡಿ ಹಿಂಡು. ಅವಳ ಮೇಲೇ ಹೊಡಿ.”

ಗಂಡ ಹೆಂಡತಿಯನ್ನು ನೋಡಿದ. ಅವ್ವನನ್ನು ನೋಡಿದ. ಅವನ ಹಿಂದೆ ಹಿಂಡೆಲ್ಲ ಹೊಲದಿಂದ ಹೊರಬಂದು ದಾರಿ ತುಂಬಿ ಒತ್ತುತ್ತಿತ್ತು. ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಸಾಕಿತ್ತು. ಅವನು ದಾರಿಯ ನಟ್ಟನಡುವೆ ಕೂತ.

“ಬೂಟಿಗೆ ಕಲ್ಲು ಸೇರಿದೆ ಧಣಿ,” ಎಂದ. ಎಡಗಾಲಿನ ಗಂಬೂಟು ಎಳೆದು ತೆಗೆದು, ತಲೆಕೆಳಗು ಮಾಡಿ ಕೊಡವಿದ. ಏನೂ ಬೀಳಲಿಲ್ಲ. ಒಳಗೆ ಕೈ ಹಾಕಿ ಹುಡುಕಿದ. ಮತ್ತೆ ಕೊಡವಿದ. ಆಮೇಲೆ ಬಲಗಾಲಿನದನ್ನೂ ತೆಗೆಯತೊಡಗಿದ.

ಧಣಿ ದೂರ ಹೋಗಿ ಫೋನಿನಲ್ಲಿ ಯಾರನ್ನೋ ಕರೆಯುತ್ತಿದ್ದ. ಗಾಡಿ ತೆಗೆಯಿರಿ, ಕೋಲು ತನ್ನಿ, ಲೈನಿನ ಬಾಗಿಲುಗಳಿಗೆ ಬೀಗ ಜಡಿಯಿರಿ ಎನ್ನುವುದು ಗಾಳಿ ಬಂದಾಗ ಬಂದಾಗ ಕೇಳುತ್ತಿತ್ತು. ಹೆಂಗಸರಲ್ಲಿ ಇಬ್ಬರು ಹಗ್ಗ ಹಿಡಿದ ಕೈ ಬದಲಾಯಿಸಿಕೊಂಡರು, ಬಿಡಲಿಲ್ಲ.

ಸಣ್ಣಿಯ ಬೆನ್ನ ಹಿಂದೆ ಮುರುಕೊಂಬು ಮೇಯುತ್ತಿತ್ತು. ನಾಲಿಗೆ ಚಾಚಿ, ಹುಲ್ಲನ್ನು ಸುತ್ತಿ, ಕತ್ತು ಕೊಂಕಿಸಿ ಎಳೆದಾಗ ಬುಡದಿಂದ ಬರುವ ಪರ್ ಪರ್ ಸದ್ದು. ಎಳೆಯ, ಯಾರೂ ಮುಟ್ಟದ ತುದಿಯ ಹುಲ್ಲು ಹರಿದಾಗ ಸದ್ದೇ ಬೇರೆ ಎಂದು ಸಣ್ಣಿಗೆ ಆವತ್ತೇ ಗೊತ್ತಾದದ್ದು.

ಗಂಡನನ್ನು ಬಳಸಿ ಹೇಗೋ ನುಸುಳಿ ಬಂದ ಧಣಿಯ ದೊಡ್ಡ ಹಸುವೊಂದು ಹಗ್ಗದ ಮೇಲಿಂದ ಕತ್ತು ಚಾಚಿ, ಸಣ್ಣಿಯ ಹೆಗಲಿಗೆ ಬಿಸಿಯುಸಿರು ಬಿಟ್ಟಿತು. ಅವಳು ತಿರುಗಿ ಅದರ ಹಣೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

“ತಾಳೇ ತಾಯಿ,” ಎಂದಳು. “ನಮ್ಮೋರದು ಇನ್ನೂ ಮುಗಿದಿಲ್ಲ.”